ನೋರಕ್ಕೋರ ಹನ್ನೆರಡನೇ ಪಾಠ

ನಮ್ಮ ಊರಿನಲ್ಲಿ ಟೀವಿಯಲ್ಲಿ ವಾರ್ತೆ ಓದುವವನು ನಮಸ್ಕಾರ ಎಂದು ಕೈಮುಗಿದರೆ ಮನೆಯಲ್ಲಿ ಯಾರಾದರೂ ತಿರುಗಿ ನಮಸ್ಕಾರ ಎನ್ನಬೇಕು. ಇಲ್ಲದಿದ್ದರೆ ಅವನು ಕೈ ಇಳಿಸುವುದಿಲ್ಲ, ವಾರ್ತೆಯನ್ನೂ ಓದುವುದಿಲ್ಲ. ಹಿಟ್ಟು ನಾದುತ್ತಿದ್ದವರು ಒಳಗಿನಿಂದಲೇ ಕೂಗಿ ಹೇಳಿದರೂ ನಡೆಯುತ್ತದೆ, ಅಷ್ಟೇನೂ ಬಿಗುಮಾನದವನಲ್ಲ. ಒಮ್ಮೆ ಕಮ್ಮಾರ ಮಾನಪ್ಪನ ಮನೆಯವರು ಟೀವಿ ಆರಿಸುವುದನ್ನು ಮರೆತು ಮದುವೆಗೆ ಹೋದರು. ಮೂರು ದಿನ ಬಿಟ್ಟು ಬಂದು ನೋಡಿದರೆ ಆ ಪುಣ್ಯಾತ್ಮ ಕೈಮುಗಿದುಕೊಂಡು ಹಾಗೇ ಕೂತಿದ್ದ. ಮಾನಪ್ಪನ ಮಗಳು ಹೊನ್ನವ್ವ ಚಪ್ಪಲಿಯನ್ನೂ ಬಿಡದೆ ಬಾಗಿಲಿನಿಂದಲೇ ನಮಸ್ಕಾರ ಹೇಳಿದ ಮೇಲೆ ಮೂರು ದಿನದ ಹಿಂದಿನ ಸುದ್ದಿಯನ್ನೆಲ್ಲ ಓದಿ ಎದ್ದು ಹೋದನಂತೆ. ಅಂದಿನಿಂದ ನಮ್ಮಲ್ಲಿ ಮನೆಗೆ ಬೀಗ ಹಾಕುವಾಗ, ಒಲೆ ಆರಿಸಿದಿರಾ ಎಂದು ಕೇಳುವುದಕ್ಕೂ ಮೊದಲು ಟೀವಿಯವರಿಗೆ ಉತ್ತರ ಕೊಟ್ಟಿರಾ ಎಂದು ಕೇಳುತ್ತಾರೆ.

ಸಿನಿಮಾದ್ದೂ ಇದೇ ಕಥೆ. ನಾಯಕಿ ಪರದೆಯ ಮೇಲಿಂದ ನನ್ನನ್ನು ಮರೆಯುವುದಿಲ್ಲ ತಾನೇ ಎಂದು ನೋಡಿದರೆ, ಅವಳು ಯಾರ ಕಡೆ ನೋಡಿದಳೋ ಅವನು ಎದ್ದು ಉತ್ತರ ಹೇಳಬೇಕು. ಪಕ್ಕದಲ್ಲಿ ಹೆಂಡತಿ ಇದ್ದರೂ ಬಿಡುವಂತಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿ ಒಮ್ಮೆ ಮುಗಿದ ಚಿತ್ರ ನಮ್ಮ ಊರಿನಲ್ಲಿ ಎರಡನೇ ಸಲ ಓಡುವುದಿಲ್ಲ, ಬರೀ ಬಿಳಿ ಬೆಳಕು ಬೀಳುತ್ತದೆ. ಅದಕ್ಕೇ ಟಾಕೀಸಿನಲ್ಲಿ ಯಾವ ಸಿನಿಮಾಕ್ಕೂ ಒಂದೇ ಆಟ. ನಾಳೆ ನೋಡಿದರಾಯಿತು ಎನ್ನುವ ಮಾತು ನಮ್ಮವರ ಬಾಯಲ್ಲಿ ಬರುವುದಿಲ್ಲ. ಬಾಣಂತಿಯರು ಕೂಡ ಕೂಸನ್ನು ಎತ್ತಿಕೊಂಡು ಮೊದಲನೇ ಆಟಕ್ಕೇ ಬಂದು ಕೂರುತ್ತಾರೆ.

ನನ್ನ ಹೆಸರು ಪದ್ಮಾವತಿ. ಈ ಊರಿನ ಹೈಸ್ಕೂಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಚೆನ್ನಾಗಿಯೇ ಕಲಿಸುತ್ತೇನೆ, ಅದರಲ್ಲಿ ಸಂಕೋಚದ ಮಾತೇನಿಲ್ಲ. ನಮ್ಮಲ್ಲಿ ಮೇಷ್ಟ್ರುಗಳಿಗೆ ಮಾಸ್ತರ ಎನ್ನುತ್ತಾರೆ, ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಇರುವುದು ನಾನೊಬ್ಬಳೇ ಆದ್ದರಿಂದ ಊರಿಗೆಲ್ಲ ನಾನು ಬರೀ ಅಕ್ಕೋರು. ಆ ಒಂದು ವರ್ಷ ಮಾತ್ರ ನನಗೆ ಕುರ್ಚಿ ಅಕ್ಕೋರು ಎಂಬ ಹೆಸರು ಬಂತು. ಯಾಕೆಂದರೆ ಆ ವರ್ಷ ಇನ್ನೊಬ್ಬ ಅಕ್ಕೋರು ಬಂದಿದ್ದರು.

ನಮ್ಮ ಹೈಸ್ಕೂಲು ಇದ್ದದ್ದು ಒಂಬತ್ತನೇ ತರಗತಿಯವರೆಗೆ. ಹತ್ತನೇ ತರಗತಿಗೆ ಹೊಳೆ ದಾಟಿ ಆಚೆ ಊರಿಗೆ ಹೋಗಬೇಕಿತ್ತು. ಗಂಡು ಹುಡುಗರು ದೋಣಿ ಹತ್ತುತ್ತಿದ್ದರು, ಹೆಣ್ಣುಮಕ್ಕಳು ಮನೆಯಲ್ಲಿ ಉಳಿಯುತ್ತಿದ್ದರು. ಹತ್ತನೇ ತರಗತಿಯನ್ನು ನಮ್ಮಲ್ಲೇ ಕೊಡಿ ಎಂದು ನಮ್ಮ ಹೆಡ್‌ಮಾಸ್ತರ ದುಂಡಪ್ಪನವರು ಮೇಲಿನ ಕಚೇರಿಗೆ ಬರೆದು ಬರೆದು ಕೈಸೋತಿದ್ದರು. ಆ ವರ್ಷ ಕಚೇರಿಯಿಂದ ಒಂದು ಪೆಟ್ಟಿಗೆ ಬಂತು. ಅದರೊಳಗೆ ಇಂಗ್ಲಿಷ್ ಕಲಿಸುವ ಹನ್ನೆರಡು ವಿಡಿಯೋ ಪಾಠಗಳ ಸೀಡಿಗಳು, ಒಂದು ಪ್ರೊಜೆಕ್ಟರು, ಒಂದು ಪತ್ರ. ಪತ್ರದ ಸಾರ ಇಷ್ಟು: ಒಂಬತ್ತನೇ ತರಗತಿಯವರು ಹನ್ನೊಂದು ಪಾಠ ಕಲಿಯಲಿ. ಹನ್ನೆರಡನೆಯದನ್ನು ಹಾಗೇ ಇಡಿ, ಮಾರ್ಚಿನಲ್ಲಿ ನಮ್ಮ ಸಾಹೇಬರು ಬರುತ್ತಾರೆ, ಅವರೆದುರು ಅದನ್ನು ಒಂದು ಪಿರಿಯಡ್ಡಿನೊಳಗೆ ಮುಗಿಸಿ ತೋರಿಸಿದರೆ ಹತ್ತನೇ ತರಗತಿ ಮಂಜೂರು, ಮುಗಿಯದಿದ್ದರೆ ಇನ್ನು ಮುಂದೆ ಬರೆಯಬೇಡಿ. ನಮ್ಮ ಊರಿನ ಚಿತ್ರಗಳ ಸ್ವಭಾವ ಕಚೇರಿಯವರಿಗೂ ಗೊತ್ತಿತ್ತು. ಪ್ರಶ್ನೆಪತ್ರಿಕೆ ಬೇಡ, ತಿದ್ದುವವರು ಬೇಡ, ಉತ್ತರ ಬಾರದಿದ್ದರೆ ಚಿತ್ರವೇ ನಿಲ್ಲುತ್ತದೆ. ಜಾಣರಪ್ಪ ಎಂದುಕೊಂಡೆ.

ಹೈಸ್ಕೂಲಿನ ಸಿಪಾಯಿ ಲಗಮಪ್ಪ ತನ್ನ ಒಗೆದ ಧೋತರವನ್ನು ಗೋಡೆಗೆ ಬಿಗಿದು ಕಟ್ಟಿದ. ಪ್ರೊಜೆಕ್ಟರು ಹಚ್ಚಿದೊಡನೆ ಧೋತರದ ಮೇಲೆ ಒಂದು ಅಡುಗೆಮನೆ ಮೂಡಿತು. ನೀಲಿ ಪರದೆಯ ಕಿಟಕಿ, ಒಂದು ಮೇಜು, ಹಿಂದೆ ಒಂದು ಹಸಿರು ಬಾಗಿಲು. ಮೇಜಿನ ಪಕ್ಕ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ತನ್ನ ಹೆಸರು ಮಿಸ್ ನೋರಾ ಎಂದಳು. ಆಮೇಲೆ ಮೊದಲನೇ ಬೆಂಚಿನ ಮೊದಲನೇ ಹುಡುಗನನ್ನು ನೋಡಿ, "ವಾಟ್ ಈಸ್ ಯುವರ್ ನೇಮ್?" ಎಂದು ಕೇಳಿದಳು.

ಆ ಪಾಠ ಹದಿನೆಂಟು ನಿಮಿಷದ್ದು ಎಂದು ಸೀಡಿಯ ಮೇಲೆ ಬರೆದಿತ್ತು. ನಮಗೆ ಮೂರು ದಿನ ಹಿಡಿಯಿತು. ತರಗತಿಯಲ್ಲಿ ಮೂವತ್ತೊಂದು ಮಕ್ಕಳಿದ್ದರು, ಆಕೆ ಮೂವತ್ತೊಂದು ಜನರ ಹೆಸರನ್ನೂ ಕೇಳಿದಳು, ಕೇಳಿ ತನ್ನ ಬಾಯಲ್ಲಿ ಅಂದು ನೋಡಿ, ಸರಿಯಾದ ಮೇಲೆಯೇ ಮುಂದಿನವರ ಕಡೆ ತಿರುಗಿದಳು. ಹೊನ್ನವ್ವನ ಹೆಸರಿನಲ್ಲಿ ಆಕೆಯ ನಾಲಿಗೆ ಸಿಕ್ಕಿಹಾಕಿಕೊಂಡಿತು. ಹೋನಾವಾ ಎನ್ನುವುದು, ಹೊನ್ನವ್ವ ತಲೆ ಅಲ್ಲಾಡಿಸುವುದು, ಹೀಗೆ ಅರ್ಧ ಪಿರಿಯಡ್ಡು ನಡೆಯಿತು. ಕೊನೆಗೆ ಸರಿಯಾಗಿ ಹೊನ್ನವ್ವ ಎಂದಾಗ ಹುಡುಗರು ಚಪ್ಪಾಳೆ ತಟ್ಟಿದರು. ಆ ಹೊತ್ತಿನಿಂದ ಆಕೆ ನೋರಕ್ಕೋರು ಆದರು. ಧೋತರದ ಮೇಲಿನವರು ನೋರಕ್ಕೋರು, ಮೂಲೆಯ ಕುರ್ಚಿಯಲ್ಲಿ ಕೂತ ನಾನು ಕುರ್ಚಿ ಅಕ್ಕೋರು.

ಊರಿನಲ್ಲಿ ಅದೂ ಇದೂ ಮಾತಾಡಿಕೊಂಡರು. ಇನ್ನು ಪದ್ಮಾವತಿ ಅಕ್ಕೋರಿಗೆ ಸಾಲೆಯಲ್ಲಿ ಏನು ಕೆಲಸ ಎಂದು ನನ್ನ ಕಿವಿಗೆ ಬೀಳುವಂತೆಯೇ ಕೇಳಿದವರುಂಟು. ನಾನು ತಲೆಕೆಡಿಸಿಕೊಳ್ಳಲಿಲ್ಲ. ಆಕೆ ಪ್ರಶ್ನೆ ಕೇಳಬಲ್ಲಳು, ಉತ್ತರವನ್ನು ಹುಡುಗರ ಬಾಯಿಗೆ ತರುವವಳು ನಾನೇ ಎಂದು ನನಗೆ ಗೊತ್ತಿತ್ತು. ಆದರೂ ಒಂದು ವಿಷಯದಲ್ಲಿ ನನಗೆ ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಡುವುದಿಲ್ಲ. ನೋರಕ್ಕೋರು ಕಾಯುತ್ತಿದ್ದರು. ನಾನು ಹತ್ತೊಂಬತ್ತು ವರ್ಷ ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ, ಉತ್ತರವನ್ನು ನಾನೇ ಹೇಳಿ, ಬರೆದುಕೊಳ್ಳಿ ಎನ್ನುತ್ತಿದ್ದವಳು. ಆಕೆ ಹುಡುಗನ ಮುಖ ನೋಡುತ್ತ ನಿಂತುಬಿಡುತ್ತಿದ್ದರು. ಸಿಟ್ಟಿಲ್ಲ, ಅವಸರವಿಲ್ಲ, ಬೇರೆಯವರ ಕಡೆ ತಿರುಗುವುದಿಲ್ಲ. ಎಂಟನೇ ತರಗತಿಯಿಂದ ನನ್ನೆದುರು ತುಟಿ ಬಿಚ್ಚದಿದ್ದ ಹುಡುಗರು ಆ ನೋಟ ತಾಳಲಾರದೆ ಮೊದಲು ಒಂದು ಶಬ್ದ, ಆಮೇಲೆ ಎರಡು, ದಸರೆಯ ಹೊತ್ತಿಗೆ ಇಡೀ ವಾಕ್ಯ ಹೇಳತೊಡಗಿದರು. ಬೆಳಗಿನ ತಿಂಡಿಗೆ ಏನು ತಿಂದಿರಿ ಎಂದು ಆಕೆ ಕೇಳಿದಾಗ ರೊಟ್ಟಿಯೂ ಪುಂಡಿಪಲ್ಯವೂ ಎಂಬ ಉತ್ತರ ಬಂತು. ಪುಂಡಿ ಎಂದರೇನು ಎಂಬುದು ಆಕೆಗೆ ತಿಳಿಯುವವರೆಗೆ ಪಾಠ ಮುಂದೆ ಹೋಗಲಿಲ್ಲ. ಹುಳಿ ಸೊಪ್ಪು, ಕೆಂಪು ದಂಟು, ಎಣ್ಣೆ ಬಹಳ ಬೇಡುತ್ತದೆ ಎಂಬುದನ್ನೆಲ್ಲ ಹುಡುಗರು ಇಂಗ್ಲಿಷಿನಲ್ಲಿ ಹೇಳಿ ತಿಳಿಸಿದರು. ಹಾಗೆ ಹೇಳಿಸುವುದು ನನ್ನಿಂದ ಆಗಿರಲಿಲ್ಲ.

ಮೂರನೇ ಪಾಠದಲ್ಲಿ ಒಂದು ಎಡವಟ್ಟಾಯಿತು. ನಮ್ಮಲ್ಲಿ ಯಾರೂ ಹೋಗುತ್ತೇನೆ ಎಂದು ಹೇಳಿ ಮನೆಯಿಂದ ಏಳುವುದಿಲ್ಲ. ಬರ್ತೇನಿ ಎಂದು ಹೇಳಿ ಹೋಗುತ್ತೇವೆ. ಅದನ್ನು ಯಾರೂ ಕಲಿಸುವುದಿಲ್ಲ, ಕೂಸು ಮಾತು ಕಲಿಯುವಾಗಲೇ ಕಲಿತಿರುತ್ತದೆ. ಪಂಚಮಿ ಹಬ್ಬದ ಹಿಂದಿನ ದಿನ ನೋರಕ್ಕೋರು, "ಆರ್ ಯು ಹಂಗ್ರಿ?" ಎಂದು ಕೇಳುವುದಕ್ಕೂ ಲಗಮಪ್ಪ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ನಾಲ್ಕು ದಿನದ ರಜೆ, ಮನೆಯಲ್ಲಿ ಉಂಡಿ ಕಟ್ಟುತ್ತಿದ್ದಾರೆ, ಜೋಕಾಲಿ ಹಾಕಿದ್ದಾರೆ. ಮೂವತ್ತೊಂದು ಮಕ್ಕಳು ಒಟ್ಟಿಗೆ ಎದ್ದು, "ಅಕ್ಕಾ, ವಿ ಆರ್ ಕಮಿಂಗ್" ಎಂದು ಕೂಗಿ ಬಾಗಿಲಿನಿಂದ ಓಡಿಹೋದರು. ಉತ್ತರಕ್ಕಾಗಿ ನಿಂತವರ ಎದುರು ಪ್ರೊಜೆಕ್ಟರು ಆರಿಸುವುದೆಂದರೆ ನಮ್ಮಲ್ಲಿ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಅದಕ್ಕೇ ಅದನ್ನು ಹಾಗೇ ಬಿಟ್ಟು ನಾನೂ ಹಬ್ಬಕ್ಕೆ ಹೋದೆ.

ನಾಲ್ಕು ದಿನದ ಮೇಲೆ ಕೋಣೆಯ ಬೀಗ ತೆಗೆದಾಗ ನೋರಕ್ಕೋರು ಕತ್ತು ಚಾಚಿ ನಮ್ಮ ತರಗತಿಯ ಬಾಗಿಲನ್ನೇ ನೋಡುತ್ತಿದ್ದರು. ಬರುತ್ತೇವೆ ಎಂದಿದ್ದಾರೆ, ಹೋಗುತ್ತಿದ್ದಾರೆ, ಹಾಗಾದರೆ ಇದೇನು ಎಂಬ ಗೊಂದಲ ಮುಖದ ಮೇಲೆ ಹಾಗೇ ಇತ್ತು. ಹುಡುಗರು ಒಳಗೆ ನುಗ್ಗಿದೊಡನೆ ಆ ಮುಖ ಅರಳಿತು. "ಯು ಕೇಮ್?" ಎಂದರು. ಹುಡುಗರಿಗೆ ಎಲ್ಲಿಲ್ಲದ ಖುಷಿಯಾಯಿತು. ಯಾಕೆಂದರೆ ನಮ್ಮಲ್ಲಿ ಕಣ್ಣೆದುರು ಬಂದು ನಿಂತವರನ್ನೂ ಬಂದ್ರ್ಯಾ ಎಂದು ಕೇಳಿಯೇ ಒಳಗೆ ಕರೆಯುವುದು, ಅವರು ಬಂದ್ವಿ ಎಂದು ಉತ್ತರ ಕೊಡುವುದು. ಮೂವತ್ತೊಂದು ಜನ ಒಂದೇ ಕೊರಳಿನಲ್ಲಿ, "ಕೇಮ್, ಅಕ್ಕಾ" ಎಂದರು.

ಖುಷಿಯಾಗದವಳು ನಾನೊಬ್ಬಳೇ. ಇಂಗ್ಲಿಷಿನಲ್ಲಿ ಹೋಗುವಾಗ ಹೋಗುತ್ತೇವೆ ಎಂದೇ ಹೇಳಬೇಕು ಎಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ. 'ವಿ ಆರ್ ಗೋಯಿಂಗ್' ಎಂದು ಐವತ್ತು ಸಲ ಬರೆಸಿದೆ. ಎಲ್ಲರೂ ಮರ್ಯಾದೆಯಿಂದ ಐವತ್ತು ಸಲ ಬರೆದರು, ಪಾಟಿಚೀಲಕ್ಕೆ ವಹಿ ತುಂಬಿದರು, ಎದ್ದು ನಿಂತು, "ವಿ ಆರ್ ಕಮಿಂಗ್, ಅಕ್ಕೋರ" ಎಂದು ಮನೆಗೆ ಹೋದರು.

ಹೊನ್ನವ್ವನ ಬಗ್ಗೆ ಹೇಳಬೇಕು. ಅಪ್ಪನ ಕುಲುಮೆಯ ಹೊಗೆಯಲ್ಲಿ ಬೆಳೆದ ಹುಡುಗಿ, ಮಾತು ಕಡಿಮೆ, ಆಡಿದರೆ ತೂಕದ ಮಾತು. ಹತ್ತೊಂಬತ್ತು ವರ್ಷದಲ್ಲಿ ನಾನು ಕಂಡ ಅತಿ ಚುರುಕಿನ ಹುಡುಗಿ ಅವಳು. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಅಪ್ಪನಿಗೂ ಇಬ್ಬರು ತಮ್ಮಂದಿರಿಗೂ ರೊಟ್ಟಿ ಬಡಿದಿಟ್ಟು, ಕೈಗೆ ಅಂಟಿದ ಹಿಟ್ಟಿನೊಂದಿಗೇ ಸಾಲೆಗೆ ಓಡಿ ಬರುತ್ತಿದ್ದಳು. ಜನವರಿಯಲ್ಲಿ ನಾನೇ ಅವಳ ಅಪ್ಪನ ಬಳಿಗೆ ಹೋದೆ. ಹತ್ತನೇ ತರಗತಿ ಇಲ್ಲಿ ಬಾರದೆ ಹೋದರೆ ಹುಡುಗಿಯನ್ನು ಹೊಳೆಯ ಆಚೆ ಕಳಿಸುತ್ತೀಯಾ ಎಂದು ಕೇಳಿದೆ. ಮಾನಪ್ಪ ಒಳ್ಳೆಯ ಮನುಷ್ಯ. ಕಾಯಿಸಿದ ನೇಗಿಲ ಕುಡವನ್ನು ನೀರಿಗೆ ಅದ್ದಿ ಇಟ್ಟು, ಎದ್ದು ನಿಂತು ಮಾತಾಡಿದ.

"ಆಕಿ ಶಾಣ್ಯಾಕಿ ಅದಾಳಂತ ನನಗೂ ಗೊತ್ತೈತ್ರಿ, ಅಕ್ಕೋರ. ಆದ್ರ ದೋಣಿ ಹತ್ತಿ ಹೋದ್ರ ತಿರುಗಿ ಬರೂದು ಹೊತ್ತು ಮುಳುಗಿದ ಮ್ಯಾಲ. ಸಣ್ಣ ಹುಡುಗೂರು ಅದಾವ ಮನ್ಯಾಗ, ಯಾರು ನೋಡೂದ್ರಿ? ಸಾಲಿ ಇಲ್ಲೇ ಆದ್ರ ಆಕಿ ಎಷ್ಟ ಬೇಕಾದ್ರೂ ಕಲೀಲಿ. ಅಲ್ಲೆ ಆದ್ರ ನನಗ ಆಗೂದಿಲ್ರಿ."

ಸುಳ್ಳು ಆಸೆ ಹುಟ್ಟಿಸುವ ಮನುಷ್ಯನಾಗಿದ್ದರೆ ಜಗಳ ಆಡಬಹುದಿತ್ತು. ಇದು ನೇರ ಮಾತು. ನಮ್ಮ ಸಾಲೆಯಲ್ಲಿ ಹತ್ತನೇ ತರಗತಿ ಬಂದರೆ ಹೊನ್ನವ್ವನ ಓದು ಉಂಟು, ಇಲ್ಲದಿದ್ದರೆ ಮಾರ್ಚಿಗೆ ಅದರ ಕೊನೆ. ಬರುತ್ತದೆ, ನಾನು ತರಿಸುತ್ತೇನೆ ಎಂದು ಹೇಳಿ ಬಂದೆ. ಹಾಗೆ ಹೇಳುವ ಧೈರ್ಯ ನನಗಿತ್ತು. ಫೆಬ್ರವರಿಯ ಹೊತ್ತಿಗೆ ಹನ್ನೊಂದು ಪಾಠ ಮುಗಿದಿದ್ದವು. ಒಂದನೇ ಪಾಠಕ್ಕೆ ಮೂರು ದಿನ ತೆಗೆದುಕೊಂಡ ಅದೇ ಹುಡುಗರು ಹನ್ನೊಂದನೆಯದನ್ನು ಇಪ್ಪತ್ತೆಂಟು ನಿಮಿಷದಲ್ಲಿ ಮುಗಿಸಿದ್ದರು.

ಹನ್ನೆರಡನೆಯ ಸೀಡಿಯ ಮೇಲೆ ಪಾಠದ ಹೆಸರು 'ಗುಡ್ ಬೈ' ಎಂದಿತ್ತು. ನೋರಕ್ಕೋರು ಊರಿಗೆ ಹೊರಡುತ್ತಾರೆ, ಚೀಲ ತುಂಬುತ್ತಾರೆ, ಬಾಗಿಲಲ್ಲಿ ನಿಂತು ನೀವೇನು ಹೇಳುತ್ತೀರಿ ಎಂದು ಕೇಳುತ್ತಾರೆ, ಹುಡುಗರು ಗುಡ್ ಬೈ ಎನ್ನಬೇಕು. ಜೊತೆಗಿದ್ದ ಪುಸ್ತಿಕೆಯಲ್ಲಿ ಅಷ್ಟನ್ನೂ ಬರೆದಿದ್ದರು. ಇದೇನು ಮಹಾ ಎಂದು ನಾನು ಪುಸ್ತಿಕೆ ಮುಚ್ಚಿಟ್ಟೆ. ಗುಡ್ ಬೈ ಎಂದರೆ ಹೋಗಿ ಬನ್ನಿ ಎಂದರ್ಥ ಎಂದು ತರಗತಿಯಲ್ಲಿ ಹೇಳಿಕೊಟ್ಟೆ.

ಎರಡು ದಿನದ ಮೇಲೆ ಹೊನ್ನವ್ವ ಸಾಲೆಯ ದೊಡ್ಡ ನಿಘಂಟನ್ನು ಎದೆಗೆ ಅವಚಿಕೊಂಡು ನನ್ನ ಕುರ್ಚಿಯ ಬಳಿ ಬಂದಳು. ಆ ಪುಟದಲ್ಲಿ ಗುಡ್ ಬೈ ಎಂಬುದರ ಎದುರು ವಿದಾಯ ಎಂದಿತ್ತು. ಇದರಲ್ಲಿ ಬಾ ಎನ್ನುವುದು ಎಲ್ಲಿದೆ ಎಂದು ಕೇಳಿದಳು. ಇಲ್ಲ ಎಂದು ಒಪ್ಪಿಕೊಂಡೆ. ಹನ್ನೆರಡನೇ ಪಾಠ ಮುಗಿದ ಮೇಲೆ ಪೆಟ್ಟಿಗೆಯ ಸೀಡಿಗಳೆಲ್ಲ ಬಿಳಿಯಾಗುತ್ತವಲ್ಲ, ಆಮೇಲೆ ನೋರಕ್ಕೋರು ಯಾವ ಪಾಠದಲ್ಲಿ ಬರುತ್ತಾರೆ ಎಂದು ಕೇಳಿದಳು. ಬರುವುದಿಲ್ಲ ಎಂದೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳು. ನಿಘಂಟನ್ನು ನನ್ನ ಮೇಜಿನ ಮೇಲಿಟ್ಟು, ಅದರ ಅಂಚನ್ನು ನೇರ ಮಾಡುತ್ತ ಅವಳು ಹೇಳಿದ್ದು ಇಷ್ಟು.

"ಅವ್ವ ತೀರಿಕೊಂಡಾಗ ನಮ್ಮ ದೊಡ್ಡವ್ವ ನನ್ನ ಕಡಿಂದ ಹೇಳಿಸಿದ್ಲರಿ, ಹೋಗವ್ವಾ ಅಂತ. ಬಾ ಅನಬ್ಯಾಡ, ಬರೇ ಹೋಗು ಅನ್ನು, ಅಂದ್ಲು. ನಾ ಅಂದ್ನಿ. ಅದೊಂದ ಸಲ ಅಂದೇನ್ರಿ, ಅಕ್ಕೋರ. ಜೀವಂತ ಇದ್ದವರಿಗೆ ಹಂಗ ಅನ್ನಾಕ ನನ್ನಿಂದ ಆಗೂದಿಲ್ಲ."

ನಾನು ಸಿಟ್ಟು ಮಾಡಿದೆ. ಇಂಗ್ಲಿಷಿನವರಿಗೆ ಅದರಲ್ಲಿ ಅಪಶಕುನವೇನಿಲ್ಲ, ಅವರು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಾರೆ ಎಂದೆ. ನಿನ್ನ ಹತ್ತನೇ ತರಗತಿ ಆ ಒಂದು ಮಾತಿನ ಮೇಲೆ ನಿಂತಿದೆ, ಗೊತ್ತಿದೆಯಲ್ಲ ಎಂದೆ. ಗೊತ್ತಿದೆ ಎಂದು ತಲೆಯಾಡಿಸಿ ಹೋದಳು. ಅವಳು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಆದರೂ ಮೂವತ್ತೊಂದು ಜನರಲ್ಲಿ ನೋರಕ್ಕೋರು ಇವಳನ್ನೇ ನೋಡಬೇಕೆಂದೇನಿದೆ, ಬೇರೆಯವರನ್ನು ನೋಡಿದರೆ ಅವರು ಗುಡ್ ಬೈ ಎಂದು ಮುಗಿಸಿಬಿಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಮಾರ್ಚಿನಲ್ಲಿ ಮೇಲಿನ ಕಚೇರಿಯ ಪಟ್ಟೇದ ಸಾಹೇಬರು ದೋಣಿ ಇಳಿದು ಬಂದರು. ಸಣಕಲು ದೇಹ, ಬಿಳಿ ಅಂಗಿ, ಅಂಗಿಯ ಕಿಸೆಯಲ್ಲಿ ಎರಡು ಪೆನ್ನು. ಚಹಾ ಕೊಟ್ಟರೆ ಮೊದಲು ಕೆಲಸ ಎಂದರು. ನನಗೆ ಅಂಥವರನ್ನು ಕಂಡರೆ ಗೌರವವೇ. ಹಿಂದಿನ ಗೋಡೆಗೆ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಒಂದು ಕಾಗದ ಇಟ್ಟುಕೊಂಡು ಕೂತರು. ಕಾಗದದಲ್ಲಿ ಒಂದೇ ಪ್ರಶ್ನೆ ಇತ್ತು: ಪಾಠ ಅವಧಿಯೊಳಗೆ ಮುಗಿಯಿತೇ, ಹೌದು ಅಥವಾ ಇಲ್ಲ. ಲಗಮಪ್ಪ ಗಂಟೆ ಬಾರಿಸಿ ನಲವತ್ತೈದು ನಿಮಿಷಕ್ಕೆ ಮತ್ತೆ ಬಾರಿಸಬೇಕು. ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದರು.

ನೋರಕ್ಕೋರು ಚೀಲ ತುಂಬುತ್ತಿದ್ದರು. ಹೊರಗೆ ಮೋಡವಾಗಿದೆ, ಏನು ತೆಗೆದುಕೊಂಡು ಹೋಗಲಿ ಎಂದು ಕೇಳಿದರು, ಕೊಡೆ ಎಂದು ಉತ್ತರ ಬಂತು. ಬೀಗದ ಕೈ ಎಲ್ಲಿಟ್ಟೆ ಎಂದು ಕೇಳಿದರು, ಪತ್ರಿಕೆಯ ಕೆಳಗೆ ಎಂದು ಹಿಂದಿನ ಬೆಂಚಿನ ಹುಡುಗ ಒಂದೂ ತಪ್ಪಿಲ್ಲದ ವಾಕ್ಯದಲ್ಲಿ ಹೇಳಿದ. ಎಷ್ಟು ಗಂಟೆಯ ರೈಲು, ಯಾರು ನಿಲ್ದಾಣಕ್ಕೆ ಬರುತ್ತಾರೆ, ದಾರಿಯಲ್ಲಿ ಏನು ತಿನ್ನಲಿ. ಪುಂಡಿಪಲ್ಯ ಎಂದಳು ಒಬ್ಬ ಹುಡುಗಿ, ನೋರಕ್ಕೋರು ಈ ಸಲ ನಿಲ್ಲದೆ ನಕ್ಕು ಮುಂದುವರಿದರು. ಸಾಹೇಬರು ಹುಬ್ಬೇರಿಸಿ ನನ್ನ ಕಡೆ ನೋಡಿದರು. ನಾನು ಬೀಗಿದೆ, ಯಾಕೆ ಬೀಗಬಾರದು. ಇಪ್ಪತ್ತೈದನೇ ನಿಮಿಷಕ್ಕೆ ನೋರಕ್ಕೋರು ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಕೊಡೆ ಹಿಡಿದು ಹಸಿರು ಬಾಗಿಲಿನ ಹತ್ತಿರ ನಿಂತಿದ್ದರು. "ಐ ಯಾಮ್ ಲೀವಿಂಗ್ ನೌ. ವಾಟ್ ಡು ಯು ಸೇ?" ಎಂದು ತಿರುಗಿ ನೋಡಿದರು. ನೋಡಿದ್ದು ಹೊನ್ನವ್ವನನ್ನು.

ಹೊನ್ನವ್ವ ಎದ್ದು ನಿಂತಳು. ಒಂದು ನಿಮಿಷ ಹೋಯಿತು, ಎರಡು ಹೋಯಿತು. ಐದು ನಿಮಿಷವಾದಾಗ ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಉತ್ತರ ಕಲಿಸಿಲ್ಲವೇ ಎಂದು ಕೇಳಿದರು. ಕಲಿಸಿದ್ದೇನೆ ಎಂದೆ. ಹಾಗಾದರೆ ನೀವೇ ನೆನಪು ಮಾಡಿಕೊಡಿ, ಅಭ್ಯಂತರವಿಲ್ಲ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ನನ್ನ ಕಷ್ಟ ಅದೇ ಆಗಿತ್ತು. ನಾನು ಹೇಳು ಎಂದರೆ ಹೊನ್ನವ್ವ ಹೇಳುತ್ತಿದ್ದಳು. ನನ್ನ ಮಾತನ್ನು ಆ ಹುಡುಗಿ ಎಂದೂ ಮೀರಿದವಳಲ್ಲ. ಎರಡು ಶಬ್ದ ಹೇಳಿದರೆ ಹತ್ತನೇ ತರಗತಿ ಬರುತ್ತಿತ್ತು, ಅವಳ ಬೆಂಚು ಅವಳಿಗೆ ಉಳಿಯುತ್ತಿತ್ತು. ನಾನು ಕುರ್ಚಿಯಿಂದ ಎದ್ದೂ ಎದ್ದೆ. ಎದ್ದವಳು ಧೋತರದ ಕಡೆ ನೋಡಿದೆ. ನೋರಕ್ಕೋರು ಚೀಲ ಹಿಡಿದ ಕೈ ಸೋತರೂ ಹಾಗೇ ನಿಂತಿದ್ದರು, ಮೊದಲನೇ ದಿನ ಹೆಸರು ಕೇಳಿದಾಗ ಹೇಗೆ ನಿಂತಿದ್ದರೋ ಹಾಗೆ. ನನಗೆ ನನ್ನ ಮೂರರ ಎಣಿಕೆ ನೆನಪಾಯಿತು, ನಾಚಿಕೆಯಾಯಿತು. ಮತ್ತೆ ಕುರ್ಚಿಯ ಮೇಲೆ ಕೂತೆ.

"ಆಕಿಗೆ ಉತ್ತರ ಗೊತ್ತೈತ್ರಿ, ಸಾಹೇಬ್ರ," ಎಂದೆ. "ಸ್ವಲ್ಪ ಕಾಯೋಣ್ರಿ."

ಹೊನ್ನವ್ವ ಒಮ್ಮೆ ನನ್ನನ್ನು ನೋಡಿದಳು, ಆಮೇಲೆ ನೋರಕ್ಕೋರನ್ನು ನೋಡಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ಗೋ ಅಂಡ್ ಕಮ್, ಅಕ್ಕಾ."

ಸಾಹೇಬರು ತಪ್ಪು ಎಂದರು. ಪುಸ್ತಿಕೆಯಲ್ಲಿ ಇರುವ ಉತ್ತರ ಅದಲ್ಲ, ಇಂಗ್ಲಿಷಿನಲ್ಲಿ ಹಾಗೆ ಹೇಳುವ ರೂಢಿಯೇ ಇಲ್ಲ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನೋರಕ್ಕೋರೂ ಕದಲಲಿಲ್ಲ. ಹೋಗು, ಬಾ, ಯಾವುದು ಎಂಬ ಅದೇ ಪಂಚಮಿಯ ಗೊಂದಲ ಅವರ ಮುಖದಲ್ಲಿತ್ತು. ಗೋಡೆಯ ಗಡಿಯಾರದಲ್ಲಿ ಇನ್ನು ಎಂಟು ನಿಮಿಷ ಉಳಿದಿತ್ತು. ಲಗಮಪ್ಪ ಹೊರಗೆ ಗಂಟೆಯ ಕೆಳಗೆ ಹೋಗಿ ನಿಂತ. ಗುಡ್ ಬೈ ಎಂದುಬಿಡವ್ವಾ ಎಂದು ಹೆಡ್‌ಮಾಸ್ತರು ಬಾಗಿಲಿನಿಂದ ಕೈಸನ್ನೆ ಮಾಡಿ ಬೇಡಿಕೊಂಡರು.

ಆಗ ಹೊನ್ನವ್ವ ಬೆಂಚು ಬಿಟ್ಟು ಮುಂದೆ ಬಂದು, ಧೋತರದ ಎದುರು ನಿಂತು, ಮನೆಯ ಹಿರಿಯರಿಗೆ ತಿಳಿಹೇಳುವಂತೆ ಹೇಳತೊಡಗಿದಳು. ನಾನು ಕಲಿಸದ, ಪುಸ್ತಿಕೆಯಲ್ಲಿಲ್ಲದ, ಅವಳೇ ಕಟ್ಟಿದ ಇಂಗ್ಲಿಷು. "ಅಕ್ಕಾ, ಇಫ್ ಐ ಸೇ ಗೋ, ಯು ಗೋ. ಫಿನಿಶ್. ಇಫ್ ಐ ಸೇ ಗೋ ಅಂಡ್ ಕಮ್, ಯು ಗೋ, ಬಟ್ ಯು ಕಮ್. ದಟ್ ಡೇ ವಿ ಸೇಡ್ ಕಮಿಂಗ್, ಅಂಡ್ ವಿ ವೆಂಟ್. ಫೋರ್ ಡೇಸ್ ಯು ವೇಟೆಡ್. ದೆನ್ ವಿ ಕೇಮ್. ವಿ ಕೇಮ್ ಆರ್ ನಾಟ್?"

ನೋರಕ್ಕೋರು ಇಷ್ಟು ದಿನದಲ್ಲಿ ಪ್ರಶ್ನೆ ಕೇಳಿದವರೇ ಹೊರತು ಅವರನ್ನು ಯಾರೂ ಪ್ರಶ್ನೆ ಕೇಳಿರಲಿಲ್ಲ. ಈಗ ಕಾಯುವ ಸರದಿ ನಮ್ಮದಾಯಿತು. ನಾಲ್ಕು ನಿಮಿಷ, ಮೂರು, ಎರಡು. ನೋರಕ್ಕೋರು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. ಆ ಮುಖದ ಗೊಂದಲ ಮೆಲ್ಲಗೆ ತಿಳಿಯಾದದ್ದನ್ನು ನಾನು ಕಣ್ಣಾರೆ ಕಂಡೆ. ಹಸಿರು ಬಾಗಿಲಿನ ಚಿಲಕ ತೆಗೆದರು, ಹೊನ್ನವ್ವನನ್ನು ನೋಡಿ ನಕ್ಕರು.

"ಐ ಯಾಮ್ ಕಮಿಂಗ್, ಹೊನ್ನವ್ವ," ಎಂದರು. ಎಂದು ಹೊರಗೆ ಹೋದರು.

ಬಾಗಿಲು ಮುಚ್ಚಿಕೊಂಡಿತು. ಧೋತರದ ಮೇಲೆ ಬಿಳಿ ಬೆಳಕು ಬಿತ್ತು. ಅದಾದ ಮೇಲೆ ಲಗಮಪ್ಪ ಗಂಟೆ ಬಾರಿಸಿದ.

ಪಟ್ಟೇದ ಸಾಹೇಬರು ಕಾಗದದ ಪ್ರಶ್ನೆಯನ್ನು ಮತ್ತೊಮ್ಮೆ ಓದಿದರು. ಆ ಹೆಂಗಸು ಕೊನೆಯಲ್ಲಿ ಹೇಳಿದ್ದು ತಪ್ಪು ಇಂಗ್ಲಿಷ್ ಎಂದರು. ಹೌದು, ಅದನ್ನು ನಮ್ಮ ಹುಡುಗರು ಕಲಿಸಿದರು ಎಂದೆ. ಅವರಿಗೆ ನಗು ಬಂತೋ ಕೆಮ್ಮು ಬಂತೋ ತಿಳಿಯಲಿಲ್ಲ. ಕಾಗದದಲ್ಲಿ ಕೇಳಿದ್ದು ಪಾಠ ಮುಗಿಯಿತೇ ಎಂದು ಮಾತ್ರ, ಮುಗಿದದ್ದನ್ನು ಅವರೇ ನೋಡಿದ್ದರು. ಹೌದು ಎಂಬಲ್ಲಿ ಗುರುತು ಹಾಕಿ, ಸಹಿ ಮಾಡಿ, ಆಮೇಲೆ ಚಹಾ ಕುಡಿದರು. ಗೇಟಿನಲ್ಲಿ ನಿಂತು ನಮ್ಮ ಹೆಡ್‌ಮಾಸ್ತರರಿಗೆ ಕೈಮುಗಿದು ಬರ್ತೇನ್ರಿ ಎಂದರು, ಎಂದ ಮೇಲೆ ತಾನೇನು ಹೇಳಿದೆ ಎಂದು ಒಂದು ಗಳಿಗೆ ತಡೆದು ನಿಂತರು. ಮೂವತ್ತೊಂದು ಮಕ್ಕಳು ಗೋ ಅಂಡ್ ಕಮ್ ಸರ್ ಎಂದು ಅವರನ್ನು ದೋಣಿಯವರೆಗೆ ಬಿಟ್ಟು ಬಂದರು.

ಜೂನಿನಲ್ಲಿ ಹತ್ತನೇ ತರಗತಿ ಶುರುವಾಯಿತು. ಹೊಸ ಕೋಣೆ ಎಲ್ಲಿಂದ ಬರಬೇಕು, ನಮ್ಮ ಇಂಗ್ಲಿಷ್ ಕೋಣೆಯನ್ನೇ ನಡುವೆ ಬಿದಿರಿನ ತಟ್ಟಿ ಹಾಕಿ ಎರಡು ಮಾಡಿದೆವು. ತಟ್ಟಿಯ ಆಚೆ ಹತ್ತನೇ ತರಗತಿ, ಮೊದಲನೇ ಬೆಂಚಿನಲ್ಲಿ ಹೊನ್ನವ್ವ, ಕೈಯಲ್ಲಿ ಅದೇ ರೊಟ್ಟಿಹಿಟ್ಟು. ಈಚೆ ಹೊಸ ಒಂಬತ್ತನೇ ತರಗತಿ. ಹೊಸ ಹುಡುಗರು ನೋರಕ್ಕೋರು ಎಲ್ಲಿ ಎಂದು ಕೇಳಿ ಕೇಳಿ ನನ್ನ ತಲೆ ತಿಂದರು. ಮುಗಿದ ಚಿತ್ರ ತಿರುಗಿ ಬರುವುದಿಲ್ಲ, ಟಾಕೀಸಿನಲ್ಲಿ ನೋಡಿಲ್ಲವೇ ಎಂದು ಗದರಿಸಿದೆ. ಗದರಿಸಿದ ಮೇಲೂ, ಅವರ ಸಮಾಧಾನಕ್ಕೆ ಎಂದು ಹೇಳಿ, ಒಂದನೇ ಸೀಡಿ ಹಾಕಿದೆ. ಸಮಾಧಾನ ಬೇಕಾಗಿದ್ದದ್ದು ನನಗೆ. ಆ ಹೆಂಗಸು ಇಲ್ಲದೆ ನನ್ನ ಕುರ್ಚಿ ನನಗೇ ಬಿಕೋ ಎನ್ನಿಸುತ್ತಿತ್ತು.

ಧೋತರದ ಮೇಲೆ ಬರೀ ಬಿಳಿ ಬೆಳಕು. ಒಂದು, ಎರಡು, ಮೂರು ಎಂದು ಎಣಿಸಿದೆ. ಪ್ರೊಜೆಕ್ಟರಿನ ಮೇಲೆ ಇಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕೂತೆ. ಕಾಯುವುದನ್ನು ನನಗೂ ಕಲಿಸಿದ್ದರಲ್ಲ. ಅರ್ಧ ಪಿರಿಯಡ್ಡು ಕಳೆದಿರಬೇಕು, ಬಿಳಿಯ ಹಿಂದೆ ಎಲ್ಲೋ ಚಿಲಕದ ಸದ್ದಾಯಿತು. ನೀಲಿ ಪರದೆ ಕಂಡಿತು, ಮೇಜು ಕಂಡಿತು, ಹಸಿರು ಬಾಗಿಲು ತೆರೆಯಿತು. ತೊಯ್ದ ಕೊಡೆ ಹಿಡಿದುಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ನೋರಕ್ಕೋರು ಒಳಗೆ ಬಂದರು. ಬಂದವರು ಹೊಸ ಮುಖಗಳನ್ನು ನೋಡಿ ಹೊಸ್ತಿಲ ಬಳಿಯೇ ನಿಂತರು. ಹೊಸ ಹುಡುಗರು ಕಣ್ಣು ಬಾಯಿ ಬಿಟ್ಟುಕೊಂಡು ಕೂತಿದ್ದರು.

ಚಿಲಕದ ಸದ್ದು ತಟ್ಟಿಯ ಆಚೆಗೂ ಕೇಳಿತ್ತು. "ಯು ಕೇಮ್, ಅಕ್ಕಾ?" ಎಂದು ಹೊನ್ನವ್ವನ ದನಿ ಬಂತು.

"ಕೇಮ್, ಹೊನ್ನವ್ವ," ಎಂದರು ನೋರಕ್ಕೋರು. ಕೊಡೆಯನ್ನು ಮಡಿಚಿ ಬಾಗಿಲ ಮೂಲೆಗೆ ಆನಿಸಿಟ್ಟರು, ಕೈ ಒರೆಸಿಕೊಂಡರು, ಮೊದಲನೇ ಬೆಂಚಿನ ಮೊದಲನೇ ಹುಡುಗಿಯನ್ನು ನೋಡಿ ಅವಳ ಹೆಸರು ಕೇಳಿದರು.